ಫೆಬ್ರವರಿಯ ಮುನ್ನೂರು ರೂಪಾಯಿ

ಎಳ್ಳಮವಾಸ್ಯೆಗೆ ಹೊಲದಾಗ ಊಟಕ್ಕ ಬರ್ರಿ ಎಂದು ಕರೆದ ಗೆಳೆಯ ಕೊನೆಗೊಂದು ಮಾತು ಸೇರಿಸಿದ್ದ: ‘ಬೂಟ್ ಬ್ಯಾಡ್ರಿ ಅಣ್ಣಾ, ಹಳೇ ಚಪ್ಪಲಿ ಮೆಟ್ಟಿ ಬರ್ರಿ.’ ಡಿಸೆಂಬರಿನಲ್ಲಿ ಮಳೆ ಎಲ್ಲಿಂದ ಬರಬೇಕು ಎಂದುಕೊಂಡು ನಾನು ಬೂಟನ್ನೇ ಹಾಕಿಕೊಂಡು ಹೊರಟೆ. 2022ರ ಡಿಸೆಂಬರ್ 23, ಶುಕ್ರವಾರ. ಇಬ್ಬರೂ ಸೋಲಾಪುರದ ಒಂದೇ ಬ್ಯಾಂಕಿನವರು, ಇಬ್ಬರೂ ಒಂದು ದಿನದ ರಜೆ ಬರೆದುಕೊಟ್ಟಿದ್ದೆವು. ಅವನ ಊರು ಕಂದಲಗಾಂವ, ದಕ್ಷಿಣ ಸೋಲಾಪುರ ತಾಲೂಕು.

ಬೆಳಿಗ್ಗೆ ಸಿದ್ಧೇಶ್ವರ ಕೆರೆಯ ಪಕ್ಕದಿಂದ ಮೋಟಾರ್ ಸೈಕಲ್ ಹೊರಟಾಗ ನೀರಿನ ಮೇಲೆ ಮಂಜು ಇನ್ನೂ ಕೂತಿತ್ತು. ಗಡ್ಡೆಯ ಜಾತ್ರೆಗೆ ಮೂರು ವಾರ ಬಾಕಿ. ಹನ್ನೆರಡನೆಯ ಶತಮಾನದ ಸೊನ್ನಲಿಗೆಯ ಸಿದ್ಧರಾಮ ಶಿವಯೋಗಿ ಜನರನ್ನು ಕೂಡಿಸಿಕೊಂಡು ತೋಡಿಸಿದ ಕೆರೆ ಇದು. ಕೆರೆ ಬಾವಿ ಛತ್ರಗಳ ಕೆಲಸವನ್ನೇ ಆತ ಯೋಗವೆಂದು ತಿಳಿದಿದ್ದ. ಬ್ಯಾಂಕಿನ ನೌಕರಿಯ ಚಟ, ಈ ಕೆರೆ ಕಂಡಾಗಲೆಲ್ಲ ನನಗೆ ಏಳುವ ಪ್ರಶ್ನೆ ಒಂದೇ: ಅಷ್ಟು ಜನರ ಕೂಲಿ ಯಾವ ಖಾತೆಯಿಂದ ಖರ್ಚು ಬಿದ್ದಿರಬೇಕು?

ಕಂದಲಗಾಂವಕ್ಕೆ ಹೋಗುವವರು ವಿಜಯಪುರದ ಹೆದ್ದಾರಿ ಹಿಡಿದು ಹತ್ತೂರ ದಾಟಿ, ವಡಕಬಾಳದಲ್ಲಿ ಸೀನಾ ಹೊಳೆಯ ಸೇತುವೆ ಹಾಯ್ದು, ಮಂದ್ರೂಪದಲ್ಲಿ ಬಲಕ್ಕೆ ಹೊರಳಬೇಕು. ಈ ಸೀಮೆಗೆ ಒಂದು ಕಡೆ ಸೀನಾ, ಇನ್ನೊಂದು ಕಡೆ ಭೀಮಾ. ಎರಡೂ ಕೂಡುವುದು ಕೆಳಗೆ ಹತ್ತರಸಂಗ ಕೂಡಲದಲ್ಲಿ. ಅಲ್ಲಿಯ ಸಂಗಮೇಶ್ವರ ಗುಡಿಯ ತೊಲೆಯ ಮೇಲೆ ಶಕ 940ರ, ಅಂದರೆ ಕ್ರಿ.ಶ. 1018ರ ಮರಾಠಿ ಸಾಲು ಇದೆ. ಮರಾಠಿಯ ಅತ್ಯಂತ ಹಳೆಯ ಬರಹಗಳಲ್ಲಿ ಅದೂ ಒಂದು ಎಂದು ಮರಾಠಿಗರಿಗೆ ಅದರ ಮೇಲೆ ಅಭಿಮಾನ. ಆದರೆ ಅದೇ ಗುಡಿಯ ಕಟ್ಟೆಯ ಮೇಲೆ ಕೂತವರ ಹರಟೆ ಕಿವಿಗೆ ಬೀಳುವುದು ಕನ್ನಡದಲ್ಲಿ. ಅರ್ಜಿಯನ್ನು ಮರಾಠಿಯಲ್ಲಿ ಬರೆದು ಜಗಳವನ್ನು ಕನ್ನಡದಲ್ಲಿ ಆಡುವ ತಾಲೂಕು ಇದು.

ನಾಲ್ಕು ಪಥದ ಹೆದ್ದಾರಿಯ ಮೇಲೆ ಇರುವಷ್ಟು ಹೊತ್ತು ರಸ್ತೆಯ ವಿಚಾರವೇ ತಲೆಗೆ ಬರುವುದಿಲ್ಲ. ಹೆದ್ದಾರಿ ಬಿಟ್ಟ ಮೇಲೆ ಬರತೊಡಗುತ್ತದೆ. ಮಗಳು ಚಿಕ್ಕವಳಿದ್ದಾಗ ಅವಳಿಗೆ ಕಿಲೋಮೀಟರ್ ಕಲ್ಲುಗಳ ಬಣ್ಣ ಕಲಿಸಿದ್ದೆ: ತಲೆಗೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯದ್ದು, ಕಪ್ಪೋ ನೀಲಿಯೋ ಇದ್ದರೆ ಜಿಲ್ಲೆಯದು, ಕಿತ್ತಳೆ ಇದ್ದರೆ ಹಳ್ಳಿಯದು. ಈ ಜಾತಿ ವಿಂಗಡಣೆ 1943ರಲ್ಲಿ ನಾಗಪುರದಲ್ಲಿ ಇಂಜಿನಿಯರುಗಳು ಕೂತು ಮಾಡಿದ್ದು. ಇಂದಿಗೂ ಮಹಾರಾಷ್ಟ್ರದಲ್ಲಿ ರಸ್ತೆ ರಾಷ್ಟ್ರೀಯ ಹೆದ್ದಾರಿಯಿಂದ ಇಳಿಯುತ್ತ ರಾಜ್ಯ ಮಾರ್ಗ, ಪ್ರಮುಖ ಜಿಲ್ಹಾ ಮಾರ್ಗ, ಇತರ ಜಿಲ್ಹಾ ಮಾರ್ಗ, ಗ್ರಾಮ ಮಾರ್ಗವಾಗುತ್ತದೆ. ಕೊನೆಯ ಎರಡು ಜಿಲ್ಲಾ ಪರಿಷತ್ತಿನ ಪಾಲು. ಒಂದು ಮೆಟ್ಟಿಲು ಇಳಿದಂತೆ ಡಾಂಬರು ಒಂದು ಬೆರಳು ತೆಳುವಾಗುತ್ತದೆ, ಪಕ್ಕದ ಬೋರ್ಡು ಮಾತ್ರ ಒಂದು ಮೊಳ ದೊಡ್ಡದಾಗುತ್ತದೆ.

ಆ ಬೋರ್ಡುಗಳನ್ನು ಓದುತ್ತ ಹೋಗುವುದು ನನಗೊಂದು ಹುಚ್ಚು. ಹಿಂದೆ ಕೂತವನು ಸುಮ್ಮನೆ ಬಗ್ಗಿ ನೋಡಿದರೆ ಸಾಕು, ಯಾವ ತುಂಡು ಯಾರ ಜೇಬಿನದು ಎಂದು ಗೊತ್ತಾಗುತ್ತದೆ. ಇಲ್ಲಿಂದ ಆ ಮೋರಿಯತನಕ ಪ್ರಧಾನಮಂತ್ರಿ ಗ್ರಾಮ ಸಡಕ್. ಮೋರಿಯಿಂದ ಮುಂದಿನದು ಆಮದಾರರ, ಅಂದರೆ ಶಾಸಕರ ನಿಧಿ. ಗುಡಿಯ ಮುಂದಿನ ಕಾಂಕ್ರೀಟು ‘ಪಚ್ಚೀಸ್ ಪಂಧರಾ’. ಈ ಕಡೆಯ ಸರಪಂಚರ ಬಾಯಲ್ಲಿ ಯೋಜನೆಗಳಿಗೆ ಹೆಸರೇ ಇಲ್ಲ, ನಂಬರು ಮಾತ್ರ. 2515 ಎಂದರೆ ಗ್ರಾಮವಿಕಾಸ ಇಲಾಖೆ ಹಳ್ಳಿಯ ಮೂಲಸೌಕರ್ಯಕ್ಕೆ ಕೊಡುವ ಹಣದ ಲೆಕ್ಕಶೀರ್ಷಿಕೆ. 3054 ರಸ್ತೆ ದುರಸ್ತಿಯದು, 5054 ಹೊಸ ರಸ್ತೆಯದು. ಚಹದ ಅಂಗಡಿಯಲ್ಲಿ ‘ಅಂವಂದು ಪಚ್ಚೀಸ್ ಪಂಧರಾದಾಗ ಕೂತೈತಿ, ನಮ್ದು ತೀಸ್ ಚೌವನ್ನದಾಗ ಸಿಕ್ಕೊಂಡೈತಿ’ ಎಂದು ಒಬ್ಬರು ನಿಟ್ಟುಸಿರು ಬಿಟ್ಟರೆ ಹೊಸಬನಿಗೆ ಇದು ಮಟಕಾದ ಮಾತೋ ಸಡಕಿನ ಮಾತೋ ತಿಳಿಯದು.

ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರ್ 25ರಂದು ಶುರುವಾಯಿತು. ಬಯಲು ಸೀಮೆಯಲ್ಲಿ 500 ಜನರಿಗಿಂತ ಹೆಚ್ಚಿರುವ ಪ್ರತಿ ವಸತಿಗೂ ಎಲ್ಲ ಕಾಲಕ್ಕೂ ನಡೆಯುವ ರಸ್ತೆ ಎಂಬ ಮಾತು. ಡೀಸೆಲ್ ಮೇಲಿನ ಸೆಸ್‌ನ ಅರ್ಧ ಇದಕ್ಕೆ ಎಂದು ಕಾನೂನೇ ಹೇಳಿತ್ತು. ಮೊದಲು ಪೂರ್ತಿ ಹಣ ಕೇಂದ್ರದ್ದು. 2015ರ ಹೊತ್ತಿಗೆ ಅದು ಕೇಂದ್ರ 60, ರಾಜ್ಯ 40 ಆಯಿತು. ಅದೇ ವರ್ಷ ಮಹಾರಾಷ್ಟ್ರ ತನ್ನದೇ ಮುಖ್ಯಮಂತ್ರಿ ಗ್ರಾಮ ಸಡಕ್ ಯೋಜನೆ ಆರಂಭಿಸಿತು. ನಾಬಾರ್ಡಿನ ಗ್ರಾಮೀಣ ಮೂಲಸೌಕರ್ಯ ನಿಧಿಯ ಕಥೆ ಬೇರೆ. ಆದ್ಯತಾ ವಲಯಕ್ಕೆ ಕೊಡಬೇಕಾದಷ್ಟು ಸಾಲ ಕೊಡದ ಬ್ಯಾಂಕುಗಳು ಕೊರತೆಯ ಹಣವನ್ನು ಅಲ್ಲಿ ಠೇವಣಿ ಇಡಬೇಕು, ನಾಬಾರ್ಡು ಅದನ್ನು ರಾಜ್ಯಗಳಿಗೆ ಸೇತುವೆ ರಸ್ತೆಗೆಂದು ಸಾಲ ಕೊಡುತ್ತದೆ. 1995ರಿಂದ ನಡೆದುಬಂದ ಪದ್ಧತಿ. ಬ್ಯಾಂಕಿನವರು ರೈತನಿಗೆ ಸಾಲ ಕೊಡದೆ ಮಾಡಿದ ಪಾಪಕ್ಕೆ ಕಟ್ಟುವ ಪ್ರಾಯಶ್ಚಿತ್ತದ ದುಡ್ಡಿನಿಂದಲೇ ರೈತನ ಊರಿನ ಸೇತುವೆ ಏಳುತ್ತದೆ ಎಂದು ನಾವು ಊಟದ ಬಿಡುವಿನಲ್ಲಿ ನಗುವುದುಂಟು.

ಊರು ಮುಟ್ಟಿದಾಗ ಮನೆಯ ಮುಂದೆ ಟ್ರ್ಯಾಕ್ಟರಿನ ಟ್ರಾಲಿಗೆ ಬುಟ್ಟಿಗಳು ಏರುತ್ತಿದ್ದವು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ, ಶೇಂಗಾ ಹಿಂಡಿ, ಅಂಬಲಿಯ ಗಡಿಗೆ. ಗೆಳೆಯನ ಅಪ್ಪ, ನಾನು ಕಾಕಾ ಎನ್ನುತ್ತೇನೆ, ಎಂಬತ್ತರ ಹತ್ತಿರದ ಗಟ್ಟಿ ಮುದುಕ, ಬಿಳೇ ಟೋಪಿ ಒಗೆದು ಹಾಕಿಕೊಂಡು ಟ್ರಾಲಿಯ ಮುಂದಿನ ಮೂಲೆ ಹಿಡಿದಿದ್ದರು. ನನ್ನ ಬೂಟು ನೋಡಿ ಏನೂ ಅನ್ನಲಿಲ್ಲ.

ಊರಿನಿಂದ ಹೊಲಕ್ಕೆ ಒಂದೂವರೆ ಕಿಲೋಮೀಟರು. ಮೊದಲರ್ಧ ಡಾಂಬರು. ಎರೆ ಸೀಮೆಯ ಡಾಂಬರು ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ: ಮಳೆಗಾಲಕ್ಕೆ ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ, ಮೇಲಿನ ಡಾಂಬರು ಅಂಚಿನಿಂದ ತಿಂದ ರೊಟ್ಟಿಯ ಹಾಗೆ ಮುರಿಯುತ್ತ ಬರುತ್ತದೆ. ಕೆಳಗೆ ಮುರುಮು ದಪ್ಪಗೆ ಹಾಸಿದ್ದರೆ ತಾಳುತ್ತದೆ, ಉಳಿಸಿಕೊಂಡಿದ್ದರೆ ಇಲ್ಲ. ಅದರ ಮೇಲೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರು, ಹಿಂದೆ ಎರಡು ಟ್ರಾಲಿ, ಮೇಲೆ ಆಳೆತ್ತರದ ಹೇರು. ಈ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳಿಗೆ ಬರವಿಲ್ಲ. ಗ್ರಾಮ ಸಡಕಿನ ಗುತ್ತಿಗೆದಾರ ಐದು ವರ್ಷ ರಸ್ತೆಯನ್ನು ತಾನೇ ನೋಡಿಕೊಳ್ಳಬೇಕೆಂಬ ಕರಾರು ಇರುತ್ತದೆ. ಆರನೆಯ ವರ್ಷ ಅದು 3054ರ ಸರದಿಯಲ್ಲಿ ಹೋಗಿ ನಿಲ್ಲುತ್ತದೆ.

ಅಂಚು ಮುರಿದ ಒಂದು ಕಡೆ ಟ್ರ್ಯಾಕ್ಟರು ನಿಧಾನಿಸಿದಾಗ ಕಾಕಾ ಕೆಳಗೆ ಬೆರಳು ಮಾಡಿದರು. ಡಾಂಬರಿನ ಪದರದ ಕೆಳಗೆ ದೊಡ್ಡ ದೊಡ್ಡ ಕಲ್ಲು ಹಲ್ಲಿನ ಹಾಗೆ ಹೊರಗೆ ಬಂದಿದ್ದವು.

‘ಅದು ಮಶೀನ್ ಖಡಿ ಅಲ್ರಿ ಸಾಹೇಬ್ರ. ಕೈಲೇ ಒಡದದ್ದು. ಬಹಾತ್ತರದ್ದು.’

ಬಹಾತ್ತರ ಎಂದರೆ ಎಪ್ಪತ್ತೆರಡು. ಈ ಸೀಮೆಯಲ್ಲಿ ಮುಂದೆ ‘ಬರ’ ಎಂದು ಸೇರಿಸಬೇಕಾಗಿಲ್ಲ. 1972–73ರ ಮಹಾರಾಷ್ಟ್ರದ ಬರಗಾಲದ ಕೆಲಸಗಳ ಮೇಲೆ, 1973ರ ಮೇ ತಿಂಗಳಲ್ಲಿ, ದಿನಕ್ಕೆ ಸುಮಾರು 50 ಲಕ್ಷ ಜನ ಇದ್ದರು. ಕೆರೆ, ಬದು, ಎಲ್ಲಕ್ಕಿಂತ ಹೆಚ್ಚಾಗಿ ರಸ್ತೆ. ಕಾಕಾ ಆಗ ಮೂವತ್ತರೊಳಗಿನವರು, ಹೊಸದಾಗಿ ಮದುವೆಯಾಗಿತ್ತು. ಗಂಡ ಗುಂಡು ಒಡೆಯುವುದು, ಹೆಂಡತಿ ಬುಟ್ಟಿ ಹೊರುವುದು. ಒಡೆದ ಖಡಿಯನ್ನು ಮರದ ಚೌಕಟ್ಟಿನಲ್ಲಿ ತುಂಬಿ ಅಳೆಯುತ್ತಿದ್ದರಂತೆ. ಮಕ್ಕಳಿಗೆ ಸುಕಡಿ ಎಂಬ ಪೌಷ್ಟಿಕ ತಿನಿಸು ಹಂಚುತ್ತಿದ್ದರು. ಮನೆಯಲ್ಲಿ ಪರದೇಶದಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ. ‘ತಟ್ಟಿದ್ರ ಬಿರೀತಿತ್ತು, ತಿಂದ್ರ ಗಂಟಲದಾಗ ಇಳೀತಿರ್ಲಿಲ್ಲ. ನಿಮ್ಮ ಕಾಕೂ ಅದನ್ನ ನೆನಸಿದ್ರ ಇನ್ನೂ ಮಾರಿ ಕಿವುಚ್ತಾಳ.’

ಆ ಬರದಿಂದಲೇ ರೋಜಗಾರ ಹಮಿ ಯೋಜನೆ ಗಟ್ಟಿಯಾಯಿತು. ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದ ವಿ. ಸ. ಪಾಗೆ 1960ರ ದಶಕದಲ್ಲೇ ಸಾಂಗಲಿಯ ತಾಸಗಾಂವ ಕಡೆ ಸಣ್ಣದಾಗಿ ಮಾಡಿ ನೋಡಿದ್ದನ್ನು ರಾಜ್ಯ ಎತ್ತಿಕೊಂಡಿತು, 1977ರಲ್ಲಿ ಕಾಯ್ದೆಯಾಯಿತು. ಕೆಲಸ ಕೇಳಿದವನಿಗೆ ಕೆಲಸ ಕೊಡಲೇಬೇಕು. ಅದಕ್ಕೆ ಹಣ? 1975ರಲ್ಲಿ ವೃತ್ತಿ ತೆರಿಗೆ ಬಂತು. ಮುಂಬಯಿ, ಪುಣೆ, ಸೋಲಾಪುರದ ಪಗಾರದಾರರ ಸಂಬಳದಿಂದ ಕಡಿತ ಮಾಡಿ, ಅಷ್ಟೇ ಹಣವನ್ನು ಸರ್ಕಾರವೂ ಸೇರಿಸಿ, ಹಳ್ಳಿಯ ಕೂಲಿಗೆ ಕೊಡುವ ಏರ್ಪಾಡು. ದೇಶಕ್ಕೆಲ್ಲ ನರೇಗಾ ಬಂದದ್ದು ಅದಕ್ಕೆ ಮೂರು ದಶಕದ ತರುವಾಯ.

ನನ್ನ ಪಗಾರದ ಚೀಟಿಯಲ್ಲಿ ಆ ಸಾಲು ಇಂದಿಗೂ ಇದೆ. ತಿಂಗಳಿಗೆ 200 ರೂಪಾಯಿ, ಫೆಬ್ರವರಿಗೆ ಮಾತ್ರ 300. ವರ್ಷಕ್ಕೆ 2,500 ಮೀರಬಾರದೆಂದು ಸಂವಿಧಾನವೇ ಗೆರೆ ಎಳೆದಿದೆ. ಹನ್ನೆರಡರಿಂದ ಸರಿಯಾಗಿ ಭಾಗವಾಗದ ಆ ಲೆಕ್ಕದ ಚಿಲ್ಲರೆಯನ್ನು ಎಲ್ಲ ತಿಂಗಳುಗಳಿಗಿಂತ ಗಿಡ್ಡ ತಿಂಗಳಿನ ಬೆನ್ನ ಮೇಲೆ ಹೇರಿದ್ದಾರೆ. ಇಪ್ಪತ್ತು ವರ್ಷ ಗೊಣಗುತ್ತ ಕೊಟ್ಟ ಹಣ. ಅದು ಹೋಗುವ ಊರು ಹೀಗಿರುತ್ತದೆ, ಅದಕ್ಕೊಂದು ಬಿಳೇ ಟೋಪಿ ಇರುತ್ತದೆ ಎಂದು ಟ್ರಾಲಿಯಲ್ಲಿ ಕುಲುಕಾಡುತ್ತ ಕೂತಾಗ ಮೊದಲ ಸಲ ಅನಿಸಿತು. ಆ ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ, ಯಾಕೆಂದರೆ ಡಾಂಬರು ಮುಗಿಯಿತು.

ಮುಂದಿನದು ಗಾಡಿ ದಾರಿ. ಸರ್ಕಾರಿ ಮರಾಠಿಯಲ್ಲಿ ಪಾಣಂದ. ಎರಡು ಹೊಲಗಳ ನಡುವಿನ ಓಣಿ. ಹಳೆಯ ಗಾವ ನಕಾಶೆಯಲ್ಲಿ ಗೆರೆಯಾಗಿ ಉಳಿದದ್ದು, ನೆಲದ ಮೇಲೆ ವರ್ಷಕ್ಕೊಂದು ಗೇಣು ಕರಗಿದ್ದು. ಎರಡೂ ಕಡೆಯವರು ಉಳುವಾಗ ನೇಗಿಲನ್ನು ಒಂದಿಷ್ಟು ಹೊರಗೇ ತಿರುಗಿಸುತ್ತಾರೆ. ಚಕ್ಕಡಿಗೆ ಸಾಕಾಗುತ್ತಿದ್ದ ಜಾಗದಲ್ಲಿ ಈಗ ಟ್ರ್ಯಾಕ್ಟರು ಹೋಗಬೇಕು. ಅರ್ಧ ದಾರಿಗೆ ಹೋದಾಗ ಎಡಗಡೆಯ ಕಬ್ಬಿನಿಂದ ರಾತ್ರಿ ಬಿಟ್ಟ ನೀರು ಬದು ಒಡೆದು ದಾರಿಯಲ್ಲೇ ನಿಂತಿತ್ತು. ಮುಂದಿನ ಗಾಲಿ ದಾಟಿತು, ಹಿಂದಿನದು ಕೂತಿತು. ಡ್ರೈವರ್ ಹುಡುಗ ಎಕ್ಸಿಲೇಟರ್ ಒತ್ತಿದಷ್ಟೂ ಅದು ಇನ್ನೊಂದು ಗೇಣು ಇಳಿಯುತ್ತ ಹೋಯಿತು. ಬುಟ್ಟಿಗಳನ್ನು ತಲೆಯ ಮೇಲೆ ಹೊತ್ತು ಹೆಂಗಸರು ಬದುವಿನ ಮೇಲೆ ಸಾಲಾಗಿ ನಡೆದರು. ನಾನು ಇಳಿದೆ. ನಾಲ್ಕನೆಯ ಹೆಜ್ಜೆಗೆ ಬೂಟಿನ ಕೆಳಗೆ ಇನ್ನೊಂದು ಬೂಟಿನಷ್ಟು ಎರೆಮಣ್ಣು. ಏಳನೆಯ ಹೆಜ್ಜೆಗೆ ಕಾಲು ಬಂತು, ಬೂಟು ಬರಲಿಲ್ಲ. ಗೆಳೆಯನ ಹೆಂಡತಿ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಿದ್ದು ಕಂಡಿತು.

‘ಇದಕ್ಕ ಯೋಜನಾ ಇಲ್ಲೇನಪಾ?’ ಎಂದೆ, ಬೂಟನ್ನು ಕೈಯಲ್ಲಿ ಹಿಡಿದು.

‘ಐತಲ್ರಿ. ಹೋದ ವರ್ಷ ಬಂತು. ಮಾತೋಶ್ರೀ ಪಾಣಂದ.’

2021ರ ನವೆಂಬರಿನಲ್ಲಿ ಬಂದ ಆ ಯೋಜನೆ ಹೊಲದ ದಾರಿಗಳಿಗೆಂದೇ ಇದ್ದದ್ದು, ಹಣ ಮುಖ್ಯವಾಗಿ ನರೇಗಾದ್ದು. ನರೇಗಾದ ಲೆಕ್ಕದಲ್ಲಿ ಒಂದು ಕೊಕ್ಕೆ ಇತ್ತು: ನೂರು ರೂಪಾಯಿ ಖರ್ಚಿನಲ್ಲಿ 60 ಕೂಲಿಗೆ ಹೋಗಬೇಕು, ಸಾಮಗ್ರಿಗೆ 40 ಮೀರಬಾರದು. ಎರೆ ನೆಲದಲ್ಲಿ ದಾರಿ ಎಂದರೆ ಮುರುಮು, ಖಡಿ, ರೋಲರು, ಎಲ್ಲ ಸಾಮಗ್ರಿಯೇ. ಹೀಗಾಗಿ ಒಂದು ದಾರಿಯ ಖಡಿಗೆ ತಕ್ಕಡಿ ತೂಗಿಸಲು ಗಿಡ ನೆಡುವುದು, ಹಣ್ಣಿನ ತೋಟ, ಬಾವಿ ಎಂದು ಕೂಲಿಯ ಕೆಲಸಗಳನ್ನು ಇನ್ನೊಂದು ತಟ್ಟೆಗೆ ಹಾಕಬೇಕಿತ್ತು. ಗ್ರಾಮಸೇವಕನ ತಲೆ ಅಲ್ಲೇ ಅರ್ಧ ನರೆಯುತ್ತಿತ್ತು. ಭೀಮೆಯ ಆಚೆ ಕರ್ನಾಟಕದವರು ಇದೇ ನರೇಗಾದಲ್ಲಿ ‘ನಮ್ಮ ಹೊಲ ನಮ್ಮ ದಾರಿ’ ಎಂದು ಮಾಡಿದರು. ಹೆಸರು ಚೆಂದ. ಅಲ್ಲಿಯೂ ಕಷ್ಟ ಇದೇ ಆಗಿತ್ತು.

ಆದರೆ ಈ ಓಣಿ ಹಣಕ್ಕಾಗಿ ನಿಂತಿರಲಿಲ್ಲ. ಪಾಣಂದಕ್ಕೆ ಖಡಿ ಬೀಳಬೇಕಾದರೆ ಮೊದಲು ಒತ್ತುವರಿ ತೆಗೆಯಬೇಕು, ಎರಡೂ ಕಡೆಯವರು ಒಪ್ಪಬೇಕು; ನೆಲಕ್ಕೆ ಪರಿಹಾರವೆಂದು ಒಂದು ಪೈಸೆ ಇಲ್ಲ. ಒಪ್ಪದಿದ್ದರೆ ತಹಸೀಲ್ದಾರರ ಹತ್ತಿರ ಹೋಗಬಹುದು. 1966ರ ಮಹಾರಾಷ್ಟ್ರ ಜಮೀನು ಮಹಸೂಲು ಸಂಹಿತೆಯ 143ನೆಯ ಕಲಮು ಬದುವಿನ ಮೇಲಿಂದ ದಾರಿ ಕೊಡಿಸುತ್ತದೆ. ಇದ್ದ ದಾರಿ ಮುಚ್ಚಿದ್ದರೆ 1906ರ ಮಾಮಲೇದಾರ ಕೋರ್ಟು ಕಾಯ್ದೆಯ 5ನೆಯ ಕಲಮು. ಸಾಲದ ಕಾಗದಕ್ಕೆಂದು 7/12 ಉತಾರೆ ತರುವ ರೈತರು ನನ್ನ ಟೇಬಲ್ಲಿನ ಮುಂದೆ ಈ ಎರಡು ನಂಬರುಗಳನ್ನು ಮಂತ್ರದಂತೆ ಹೇಳುವುದನ್ನು ಕೇಳಿದ್ದೇನೆ. ಇಂಥ ಖಟ್ಲೆಯೊಂದು ಅಪ್ಪನಿಂದ ಮಗನಿಗೆ ಹೊಲದ ಜೊತೆಗೇ ಬರುತ್ತದೆ.

‘ಆ ಕಬ್ಬಿನಾಂವ ನಾಕು ಫೂಟ ಒಳಗ ಬಂದಾನ್ರಿ,’ ಎಂದರು ಕಾಕಾ. ಓಣಿಯ ಅಂಚಿಗೆ ಕೋಲು ಊರಿ ಹೆಜ್ಜೆ ಎಣಿಸಿ ತೋರಿಸಿದರು. ಅವರು ತೋರಿಸಿದ ಗೆರೆಯಿಂದ ಹಿಂದಕ್ಕೆ ನೋಡಿದರೆ ಓಣಿ ಎಡಕ್ಕೆ ಬಾಗಿದ್ದೇನೋ ಹೌದು. ಆದರೆ ಇನ್ನಷ್ಟು ಮುಂದೆ, ಇವರದೇ ಜೋಳದ ಹೊಲ ಶುರುವಾಗುವಲ್ಲಿ, ಅದು ಬಲಗಡೆಯಿಂದಲೂ ಸೊಂಟ ಹಿಡಿದಂತೆ ಒಳಗೆ ಸೇರಿತ್ತು. ಗೆಳೆಯ ನನ್ನ ಮುಖ ನೋಡಿ ಕಣ್ಣು ಮಿಟುಕಿಸಿದ. ನಾನು ಬ್ಯಾಂಕಿನವನು, ಸುಮ್ಮನಿದ್ದೆ.

ಹೊಲದಲ್ಲಿ ಐದು ಕಲ್ಲು ಇಟ್ಟು ಸುಣ್ಣ ಬಳಿದು ಪಾಂಡವರ ಪೂಜೆ ಮಾಡಿದರು. ಕಾಕೂ ಅಂಬಲಿಯ ಚೊಂಬು ಹಿಡಿದು ಮುಂದೆ, ಮೊಮ್ಮಗ ಚರಗ ಚೆಲ್ಲುತ್ತ ಹಿಂದೆ, ಎದೆಯೆತ್ತರದ ಜೋಳದಲ್ಲಿ ಇಬ್ಬರೂ ಒಂದು ಸುತ್ತು ಮುಳುಗಿ ಎದ್ದು ಬಂದರು. ಊಟಕ್ಕೆ ಕೂರುವ ಹೊತ್ತಿಗೆ ಬದುವಿನ ಮೇಲಿಂದ ಇನ್ನೊಬ್ಬರು ಬಂದರು. ‘ಬಾರಪಾ ಬಾ, ನಿನ್ನ ನೀರಾಗ ನಮ್ಮ ಟ್ರ್ಯಾಕ್ಟರ್ ಈಜಾಡಾಕ್ಹತ್ತೈತಿ,’ ಎಂದರು ಕಾಕಾ. ಅವರೇ ಕಬ್ಬಿನವರು. ಅವರೂ ನಕ್ಕರು, ಪಂಕ್ತಿಯಲ್ಲಿ ಕಾಕಾನ ಪಕ್ಕಕ್ಕೇ ಕೂತು ಎರಡು ಹೋಳಿಗೆ ಹೆಚ್ಚು ಹಾಕಿಸಿಕೊಂಡರು. ಎಳ್ಳಮವಾಸ್ಯೆಯ ದಿನ ಹೊಲಕ್ಕೆ ಬಂದವರನ್ನು ಉಣ್ಣಿಸದೆ ಕಳಿಸುವಂತಿಲ್ಲ. ಊಟವಾದ ಮೇಲೆ ತಮ್ಮ ಜೋಡೆತ್ತು ತಂದು ಟ್ರ್ಯಾಕ್ಟರು ಎಳೆಸಿಕೊಟ್ಟವರೂ ಅವರೇ. ನಾಲ್ಕು ಫೂಟಿನ ಮಾತು ಯಾರೂ ತೆಗೆಯಲಿಲ್ಲ.

ಮರುದಿನ ಶನಿವಾರ, ನಾಲ್ಕನೆಯ ಶನಿವಾರ, ಬ್ಯಾಂಕಿಗೆ ರಜೆ. ಭೀಮೆ ನೋಡಿಕೊಂಡು ಹೋಗೋಣವೆಂದು ಭಂಡಾರಕವಟೆಗೆ ಹೋದೆವು. ಎರಡು ರಾಜ್ಯದ ನಡುವೆ ಹರಿಯುವ ಭೀಮೆಗೆ ಇಲ್ಲಿ ಒಂದರ ಕೆಳಗೊಂದು ಬಂಧಾರಗಳಿವೆ, ಹೆಸರೆಲ್ಲ ಬೀಗರ ಜೋಡಿಯಂತೆ: ಗೋವಿಂದಪುರ–ಭಂಡಾರಕವಟೆ, ಉಮರಾಣಿ–ಲವಂಗಿ, ಚಣೆಗಾಂವ–ಬರೂರ, ಹಿಂಗಣಿ–ಆಳಗಿ. ಕೊಲ್ಹಾಪುರ ಮಾದರಿಯ ಬಂಧಾರ ಎಂದರೆ ಸಾಲು ಕಂಬ, ನಡುವೆ ಹಲಗೆ ಇಳಿಸಿ ನೀರು ನಿಲ್ಲಿಸುವುದು. ನೀರಾವರಿ ಲೆಕ್ಕದಲ್ಲಿ ಕಟ್ಟಿದ್ದು. ಆದರೆ ಅದರ ನೆತ್ತಿಯ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡ ಮೋಟಾರ್ ಸೈಕಲ್ಲು, ಮದುವೆಗೆ ಹೊರಟ ಸೀರೆಗಳು, ಕರ್ನಾಟಕದ ಸಂತೆಗೆ ಹೊರಟ ಆಡು, ಎಲ್ಲವೂ ದಾಟುತ್ತಿದ್ದವು. ಕಟ್ಟಿದ ಇಲಾಖೆಯ ಪಾಲಿಗೆ ಅದು ಸೇತುವೆ ಅಲ್ಲ, ಸೇತುವೆಯ ಇಲಾಖೆಯ ಪಾಲಿಗೆ ಅದು ತನ್ನದಲ್ಲ. 2020ರ ಅಕ್ಟೋಬರಿನ ಪ್ರವಾಹದಂಥದು ಬಂದಾಗ ಬಂಧಾರ ಮುಳುಗುತ್ತದೆ, ಕೂಗಿದರೆ ಕೇಳುವಷ್ಟು ಹತ್ತಿರದ ಮಗಳ ಮನೆಗೆ ಹೆದ್ದಾರಿಯ ಸೇತುವೆ ಸುತ್ತಿ ಹೋಗಬೇಕಾಗುತ್ತದೆ.

ಆ ತಿಂಗಳು ಎಲ್ಲರ ಬಾಯಲ್ಲೂ ಅಕ್ಕಲಕೋಟೆಯ ಸುದ್ದಿಯೇ. ಜತ್ತ ತಾಲೂಕಿನ ಹಳ್ಳಿಗಳ ಬಗ್ಗೆ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ನವೆಂಬರಿನಲ್ಲಿ ಆಡಿದ ಮಾತು ಹೊತ್ತಿಕೊಂಡು, ಅಕ್ಕಲಕೋಟೆ ತಾಲೂಕಿನ ಆಳಗಿ ಮೊದಲಾದ ಗಡಿಯ ಹಳ್ಳಿಗಳು ನಮ್ಮನ್ನು ಕರ್ನಾಟಕಕ್ಕೆ ಸೇರಿಸಿರಿ ಎಂದು ಠರಾವು ಮಾಡಿದ್ದವು. 1967ರ ಮಹಾಜನ ವರದಿ ಅಕ್ಕಲಕೋಟೆಯನ್ನು ಕರ್ನಾಟಕಕ್ಕೆ ಕೊಡಬೇಕೆಂದಿತ್ತು, ಆ ವರದಿ ಜಾರಿಯಾಗಲೇ ಇಲ್ಲ. ಆದರೆ ಈ ಸಲದ ಠರಾವುಗಳಲ್ಲಿ ಭಾಷೆಗಿಂತ ಮೊದಲು ಇದ್ದದ್ದು ರಸ್ತೆ, ನೀರು, ಕರೆಂಟು. ನದಿಯ ಆಚೆ ದಡದ ರಸ್ತೆ ನೋಡ್ರಿ, ನಮ್ಮದು ನೋಡ್ರಿ ಎಂಬ ವಾದ. ಕನ್ನಡದ ಪತ್ರಿಕೆಗಳು ಅದನ್ನು ಅಭಿಮಾನವೆಂದು ಬರೆದವು, ಮರಾಠಿಯವು ದ್ರೋಹವೆಂದು. ನನಗೆ ಅದು ಕೊನೆಗೂ ಯಾರಾದರೂ ಓದುವಂತೆ ಬರೆದ ಅರ್ಜಿಯಾಗಿ ಕಂಡಿತು. ಮೂವತ್ತು ಸಲ 3054ಕ್ಕೆ ಅರ್ಜಿ ಕೊಟ್ಟು ಉತ್ತರ ಬಾರದ ಮೇಲೆ ಭೂಪಟಕ್ಕೇ ಒಂದು ಕೊಟ್ಟು ನೋಡಿದರು, ಅಧಿಕಾರಿಗಳ ಜೀಪು ಊರೊಳಗೆ ಬಂದವು.

ಬಂಧಾರದ ಮೇಲೆ ನಿಂತು ಗೆಳೆಯ ಎರಡೂ ದಡ ನೋಡಿದ. ‘ಖರೆ ಹೇಳ್ಬೇಕಂದ್ರ ಅಣ್ಣಾ, ಆ ಕಡೀ ರಸ್ತಾನೂ ಅಷ್ಟೇನ್ ಛಲೋ ಇಲ್ಲ,’ ಎಂದ. ದೂರದಿಂದ ಹಸಿರಾಗಿ ಕಾಣುತ್ತಿತ್ತು, ಅಷ್ಟೇ.

ಫೆಬ್ರವರಿಯ ಪಗಾರ ಆದ ದಿನ ಚೀಟಿಯಲ್ಲಿ 300 ರೂಪಾಯಿ ಕಡಿತ ನೋಡಿ ಅವನ ಟೇಬಲ್ಲಿಗೆ ಹೋದೆ. ಪಾಣಂದ ಎಲ್ಲಿಗೆ ಬಂತು ಎಂದು ಕೇಳಿದೆ.

ಮೋಜಣಿಯವರು ಬಂದಿದ್ದರಂತೆ. ಹಳೆಯ ನಕಾಶೆ ಹಿಡಿದು ಇಡೀ ದಿನ ಅಳೆದು, ಎರಡೂ ಕಡೆ ಗುರುತಿನ ಕಲ್ಲು ನೆಟ್ಟು ಹೋದರಂತೆ. ಎರಡನೆಯ ದಿನ ಬೆಳಗಾಗುವುದರೊಳಗೆ ಒಂದು ಕಲ್ಲು ಕಾಣೆ.

‘ಕಬ್ಬಿನವರ ಕಡೇದಾ?’

ಅವನು ಕ್ಯಾಶ್ ಎಣಿಸುವುದು ನಿಲ್ಲಿಸಿದ. ‘ಅಲ್ರಿ,’ ಎಂದ. ‘ಈ ಕಡೇದು. ನಮ್ಮಪ್ಪ ಅದನ್ನ ತಂದು ಬಚ್ಚಲದಾಗ ಬಟ್ಟಿ ಒಗಿಯಾಕ ಹಾಕ್ಯಾನ.’